ಕೈಯ ಕೆಂಪು-ಬಿಳಿ ದಾರದಿಂದ ಕುರಿಮರಿಯ ಊಟದವರೆಗೆ: ಬಲ್ಗೇರಿಯಾದ ವಸಂತದ ಹಬ್ಬಗಳು

ಪ್ರಶ್ನೆ: ನಮ್ಮ ಮಗಳು ಬಲ್ಗೇರಿಯಾದ ಪ್ಲೊವ್ದಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಮಾರ್ಚ್ ಒಂದರಂದು ಅವಳಿರುವ ಮನೆಯ ಒಡತಿ, ವಯಸ್ಸಾದ ಅಜ್ಜಿ, ಅವಳ ಕೈಗೆ ಕೆಂಪು-ಬಿಳಿ ದಾರ ಕಟ್ಟಿದರಂತೆ. ಅದನ್ನು ಯಾವಾಗ ಬಿಚ್ಚಬೇಕು, ಬಿಚ್ಚಿ ಏನು ಮಾಡಬೇಕು ಎಂದು ಅವಳಿಗೆ ಗೊತ್ತಿಲ್ಲ. 2027ರ ವಸಂತದಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಬೇಕೆಂದಿದ್ದೇವೆ. ಅಜ್ಜಿ ಈಸ್ಟರ್ ಊಟಕ್ಕೆ ಕರೆದಿದ್ದಾರೆ. ಯಾವ ದಿನಗಳಿಗೆ ಟಿಕೆಟ್ ಮಾಡಿಸಿದರೆ ಒಳ್ಳೆಯದು? ಅಲ್ಲಿನ ರೀತಿ ರಿವಾಜು ಏನು? ನಾವು ಮಾಂಸ ತಿನ್ನುವುದಿಲ್ಲ, ಮೊಟ್ಟೆ ಹಾಕಿದ ಕೇಕ್ ಆಗುತ್ತದೆ. (ಓದುಗರೊಬ್ಬರು, ದಾವಣಗೆರೆ)

ಉತ್ತರ: ಮೊದಲು ಟಿಕೆಟ್ಟಿನ ವಿಷಯ ಮುಗಿಸೋಣ, ತಪ್ಪಿದರೆ ದುಡ್ಡು ಹೋಗುವುದು ಅಲ್ಲೇ. ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ 2027ರ ಈಸ್ಟರ್ ಮಾರ್ಚ್ 28 ಎಂದಿರುತ್ತದೆ. ಅದು ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಚರ್ಚುಗಳ ಲೆಕ್ಕ. ಬಲ್ಗೇರಿಯನ್ನರಲ್ಲಿ ಬಹುಪಾಲು ಜನ ಆರ್ಥೊಡಾಕ್ಸ್ ಕ್ರೈಸ್ತರು. ಅವರು ‘ವೆಲಿಕ್ದೆನ್’ ಎಂದು ಕರೆಯುವ ಈಸ್ಟರ್ ಆ ವರ್ಷ ಮೇ 2ರ ಭಾನುವಾರ ಬರುತ್ತದೆ, ಅಂದರೆ ಸರಿಯಾಗಿ ಐದು ವಾರ ತಡವಾಗಿ. ಬಲ್ಗೇರಿಯದ ಚರ್ಚು 1968ರಲ್ಲಿ ಕ್ರಿಸ್‌ಮಸ್‌ನಂಥ ನಿಗದಿತ ತಾರೀಖಿನ ಹಬ್ಬಗಳನ್ನು ಹೊಸ ಪಂಚಾಂಗಕ್ಕೆ ತಂದುಕೊಂಡಿತು. ಈಸ್ಟರನ್ನು ಮಾತ್ರ ಹಳೆಯ ಜೂಲಿಯನ್ ಲೆಕ್ಕದಲ್ಲೇ ಉಳಿಸಿಕೊಂಡಿತು. ಕೆಲವು ವರ್ಷ ಎರಡೂ ಒಂದೇ ದಿನ ಕೂಡಿ ಬರುತ್ತವೆ. 2025ರಲ್ಲಿ ಏಪ್ರಿಲ್ 20ಕ್ಕೆ ಹಾಗೆ ಬಂದಿತ್ತು, 2028ರಲ್ಲಿ ಏಪ್ರಿಲ್ 16ಕ್ಕೆ ಮತ್ತೆ ಬರುತ್ತದೆ. 2027 ಅಂಥ ವರ್ಷವಲ್ಲ.

ಹಾಗಾಗಿ ನನ್ನ ಸಲಹೆ: ಏಪ್ರಿಲ್ 23ರ ಶುಕ್ರವಾರದೊಳಗೆ ಪ್ಲೊವ್ದಿವ್ ತಲುಪಿ, ಮೇ 7ಕ್ಕೆ ಹೊರಡಿ. ಏಪ್ರಿಲ್ 24 ಲಾಜರೊವ್‌ದೆನ್ (ಹುಡುಗಿಯರ ಶನಿವಾರ), 25 ತ್ಸ್ವೆತ್‌ನಿತ್ಸಾ (ಹೂವಿನ ಭಾನುವಾರ), 29 ಮೊಟ್ಟೆಗೆ ಬಣ್ಣ ಹಾಕುವ ಗುರುವಾರ, ಮೇ 2 ವೆಲಿಕ್ದೆನ್, ಮೇ 6 ಸಂತ ಗೆಯೊರ್ಗಿಯ ದಿನವಾದ ಗೆರ್ಗ್ಯೊವ್‌ದೆನ್. ಬಲ್ಗೇರಿಯಾದ ವಸಂತದ ಮುಖ್ಯ ಹಬ್ಬಗಳೆಲ್ಲ ಹದಿಮೂರು ದಿನಗಳಲ್ಲಿ ಒಟ್ಟಿಗೆ ಸಿಗುವುದು ಈಸ್ಟರ್ ಇಷ್ಟು ತಡವಾಗಿ ಬಂದ ವರ್ಷ ಮಾತ್ರ. ಬದಲಿಗೆ ಮಾರ್ಚ್ ಹಬ್ಬಗಳು ತಪ್ಪುತ್ತವೆ. ಅವು ಮಗಳ ಪಾಲಿಗಿರಲಿ. ಏಪ್ರಿಲ್ 30ರಿಂದ ಮೇ 4ರವರೆಗೆ ಮತ್ತು ಮೇ 6ರಂದು ಸರ್ಕಾರಿ ರಜೆ. ರೈಲು, ಬಸ್ಸು ತುಂಬಿರುತ್ತವೆ, ಈಸ್ಟರ್ ಭಾನುವಾರ ಸಣ್ಣ ಅಂಗಡಿಗಳು ಮುಚ್ಚಿರುತ್ತವೆ. ಬೇಕಾದ ಸಾಮಾನನ್ನು ಗುರುವಾರವೇ ತಂದಿಟ್ಟುಕೊಳ್ಳಿ. ಹಳೆಯ ಪ್ರವಾಸಿ ಪುಸ್ತಕಗಳಲ್ಲಿ ‘ಲೆವ್’ ಎಂಬ ನಾಣ್ಯದ ಲೆಕ್ಕವಿದ್ದರೆ ಬಿಟ್ಟುಬಿಡಿ. 2026ರ ಜನವರಿ 1ರಿಂದ ಅಲ್ಲಿ ಯೂರೋ ಚಾಲ್ತಿಯಲ್ಲಿದೆ.

ಕೈಗೆ ಕಟ್ಟಿದ ದಾರ

ಅಜ್ಜಿ ಕಟ್ಟಿದ್ದು ‘ಮಾರ್ತೆನಿತ್ಸಾ’. ಮಾರ್ಚ್ 1 ಅಲ್ಲಿ ‘ಬಾಬಾ ಮಾರ್ತಾ’ ದಿನ. ಮಾರ್ತಾ ಎಂಬ ಅಜ್ಜಿ ಮಾರ್ಚ್ ತಿಂಗಳ ಒಡತಿ. ಅವಳು ನಕ್ಕರೆ ಬಿಸಿಲು, ಮುನಿದರೆ ಹಿಮ. ಜನವರಿಯೂ ಫೆಬ್ರವರಿಯೂ ಅವಳ ಅಣ್ಣತಮ್ಮಂದಿರು, ದೊಡ್ಡ ಸೆಚ್ಕೊ ಮತ್ತು ಚಿಕ್ಕ ಸೆಚ್ಕೊ. ಕೆಂಪು ಬಣ್ಣ ಕಂಡರೆ ಅವಳಿಗೆ ಸಂತೋಷ ಎಂದು ಹಳ್ಳಿಗಳಲ್ಲಿ ಆ ಬೆಳಿಗ್ಗೆ ಕೆಂಪು ಬಟ್ಟೆಯನ್ನೋ ಕಂಬಳಿಯನ್ನೋ ಹೊರಗೆ ಹರವುತ್ತಿದ್ದರು. ಮನೆಯ ಹಿರಿಯ ಹೆಂಗಸು ಮಕ್ಕಳ ಕೈಗೆ, ಕುರಿಮರಿ ಕರುಗಳ ಕೊರಳಿಗೆ, ಹಣ್ಣಿನ ಗಿಡಗಳಿಗೆ ದಾರ ಕಟ್ಟುವಳು. ಬಲ್ಗೇರಿಯಾ, ಉತ್ತರ ಮ್ಯಾಸಿಡೋನಿಯಾ, ರೊಮೇನಿಯಾ, ಮೊಲ್ಡೊವಾ ನಾಲ್ಕೂ ದೇಶಗಳ ಈ ಮಾರ್ಚ್ 1ರ ಆಚರಣೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಿಚ್ಚುವ ಹೊತ್ತನ್ನು ತಾರೀಖು ಹೇಳುವುದಿಲ್ಲ, ಹಕ್ಕಿಯೋ ಹೂವೋ ಹೇಳುತ್ತದೆ. ಆ ವರ್ಷದ ಮೊದಲ ಬಿಳಿ ಕೊಕ್ಕರೆ, ಇಲ್ಲವೇ ಮೊದಲ ಅಂಬರಗುಬ್ಬಿ, ಇಲ್ಲವೇ ಮೊದಲ ಹೂಬಿಟ್ಟ ಹಣ್ಣಿನ ಮರ, ಈ ಮೂರರಲ್ಲಿ ಯಾವುದು ಮೊದಲು ಕಣ್ಣಿಗೆ ಬಿತ್ತೋ ಅಂದು ಬಿಚ್ಚಬಹುದು. ಕೊಕ್ಕರೆ ಗುರುತಿಸುವುದು ಕಷ್ಟವಲ್ಲ: ಮೈ ಬಿಳಿ, ರೆಕ್ಕೆಯ ಅಂಚು ಕಪ್ಪು, ಕೊಕ್ಕೂ ಕಾಲೂ ಕೆಂಪು. ಮಾರ್ಚ್ ನಡುವಿನಿಂದ ಅವು ಆಫ್ರಿಕಾದಿಂದ ಮರಳಿ ಬರುತ್ತವೆ. ಪ್ಲೊವ್ದಿವ್ ಹತ್ತಿರದ ಬೆಲೊಝೆಮ್ ಎಂಬ ಹಳ್ಳಿ ಕೊಕ್ಕರೆ ಗೂಡುಗಳಿಗೇ ಹೆಸರಾದದ್ದು. ನಗರದಲ್ಲಿ ಓದುವ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಹೂವೇ. ಬಾದಾಮಿ, ಪ್ಲಮ್ ಮರಗಳು ಬೇಗ ಅರಳುತ್ತವೆ. ಏನೂ ಕಾಣದಿದ್ದರೆ ತಿಂಗಳ ಕೊನೆಯವರೆಗೆ ಕಟ್ಟಿಕೊಂಡಿದ್ದು ತೆಗೆದರೆ ಯಾರೂ ತಪ್ಪು ಎನ್ನುವುದಿಲ್ಲ. ಕೆಲವು ಸೀಮೆಗಳಲ್ಲಿ ಮಾರ್ಚ್ 25ರವರೆಗೆ ಎಂಬ ರೂಢಿಯೂ ಇದೆ.

ಬಿಚ್ಚಿದ ದಾರವನ್ನು ಕಸಕ್ಕೆ ಹಾಕಬಾರದು. ಹೂಬಿಟ್ಟ ಹಣ್ಣಿನ ಮರದ ಕೊಂಬೆಗೆ ಕಟ್ಟುವುದು ಇಂದು ಎಲ್ಲರೂ ಮಾಡುವ ಕ್ರಮ. ಹಳೆಯ ಇನ್ನೊಂದು ಕ್ರಮವೆಂದರೆ ಕಲ್ಲಿನ ಕೆಳಗಿಟ್ಟು ಕೆಲವು ದಿನದ ಮೇಲೆ ಎತ್ತಿ ನೋಡುವುದು. ಇರುವೆ ಸೇರಿದ್ದರೆ ಆ ವರ್ಷ ಕುರಿ ಹೆಚ್ಚುತ್ತದೆ, ದೊಡ್ಡ ಹುಳ ಸೇರಿದ್ದರೆ ದನ ಹೆಚ್ಚುತ್ತದೆ ಎಂಬ ಶಕುನ. ಮರಕ್ಕೆ ಕಟ್ಟುವಾಗ ಒಂದು ಎಚ್ಚರ ಬೇಕು. ಈಗ ಅಂಗಡಿಯಲ್ಲಿ ಸಿಗುವವುಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್ ನೂಲಿನವು. ಅದು ಕೊಳೆಯುವುದಿಲ್ಲ. ಎಳೆಯ ಕೊಂಬೆಗೆ ಬಿಗಿದು ಕಟ್ಟಿದರೆ ಕೊಂಬೆ ದಪ್ಪವಾದಂತೆ ದಾರ ತೊಗಟೆಯೊಳಗೆ ಹೂತು ತುದಿ ಒಣಗುತ್ತದೆ. ಉಣ್ಣೆ ಅಥವಾ ಹತ್ತಿಯದನ್ನು ಮಾತ್ರ ಮರಕ್ಕೆ ಕಟ್ಟಲಿ, ಅದೂ ಎರಡು ಬೆರಳು ತೂರುವಷ್ಟು ಸಡಿಲವಾಗಿ.

ಮಾರ್ತೆನಿತ್ಸಾ ತನಗೆ ತಾನೇ ಕೊಂಡು ಕಟ್ಟಿಕೊಳ್ಳುವ ವಸ್ತುವಲ್ಲ. ಒಬ್ಬರು ಇನ್ನೊಬ್ಬರಿಗೆ ಕೊಡುವುದು. ಆದ್ದರಿಂದ ಒಬ್ಬರ ಕೈಯಲ್ಲಿ ಹತ್ತಾರು ದಾರ ಇರುವುದು ಅಲ್ಲಿ ಮಾಮೂಲು. ಮುಂದಿನ ಮಾರ್ಚಿಗೆ ಮಗಳು ತಾನೇ ಮಾಡಿ ಅಜ್ಜಿಗೆ ಕಟ್ಟಲಿ, ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಕೊಡುವಾಗ “ಚೆಸ್ತಿತಾ ಬಾಬಾ ಮಾರ್ತಾ” ಎನ್ನಬೇಕು.

ಮಾಡುವ ಬಗೆ ಹೀಗೆ. ಕೆಂಪು ಮತ್ತು ಬಿಳಿ ಉಣ್ಣೆ ನೂಲು, ಒಂದೊಂದೂ 70 ಸೆಂ.ಮೀ. ಎರಡೂ ದಪ್ಪದಲ್ಲಿ ಸಮ ಇರಬೇಕು, ಇಲ್ಲದಿದ್ದರೆ ದಪ್ಪ ಎಳೆ ತೆಳ್ಳನೆಯದನ್ನು ಮರೆಮಾಡುತ್ತದೆ. ಎರಡನ್ನೂ ಸೇರಿಸಿ ಎರಡು ತುದಿಗೂ ಗಂಟು ಹಾಕಿ. ಇಬ್ಬರು ಎದುರುಬದುರು ನಿಂತು ತುದಿ ಹಿಡಿದು, ದಾರವನ್ನು ಎಳೆದಂತೆಯೇ ಇಟ್ಟುಕೊಂಡು, ಇಬ್ಬರೂ ತಮ್ಮ ತಮ್ಮ ಬಲಕ್ಕೆ ಹೊಸೆಯಬೇಕು. ಒಬ್ಬರೇ ಇದ್ದರೆ ಒಂದು ತುದಿಯನ್ನು ಬಾಗಿಲ ಹಿಡಿಕೆಗೆ ಕಟ್ಟಿದರಾಯಿತು. ಸ್ವಲ್ಪ ಸಡಿಲ ಬಿಟ್ಟಾಗ ದಾರ ತಾನಾಗಿಯೇ ಸುತ್ತಿಕೊಳ್ಳಲು ನೋಡಿತೆಂದರೆ ಹುರಿ ಸಾಕಾಯಿತು. ಆಗ ನಡುವಿಗೆ ಬೆರಳು ಕೊಟ್ಟು, ಎರಡು ತುದಿಗಳನ್ನು ಒಂದುಗೂಡಿಸಿ, ಮಡಿಕೆಯ ಕಡೆಯಿಂದ ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಬನ್ನಿ. ಒಮ್ಮೆಲೇ ಬಿಟ್ಟರೆ ಸಿಕ್ಕುಗಳಾಗಿ ನಿಲ್ಲುತ್ತದೆ. ತುದಿಗೆ ಗಂಟು ಹಾಕಿ ಒಂದೂವರೆ ಸೆಂ.ಮೀ. ಕುಚ್ಚು ಉಳಿಸಿ ಕತ್ತರಿಸಿ. ಕೊನೆಗೆ 28ರಿಂದ 30 ಸೆಂ.ಮೀ. ಉಳಿಯುತ್ತದೆ, ಮಣಿಕಟ್ಟಿಗೆ ಸುತ್ತಿ ಕಟ್ಟಲು ಸರಿಹೋಗುತ್ತದೆ. ನಯವಾದ ಸಿಂಥೆಟಿಕ್ ನೂಲಿನಲ್ಲಿ ಹುರಿ ನಿಲ್ಲುವುದಿಲ್ಲ, ಒಂದೇ ದಿನದಲ್ಲಿ ಬಿಚ್ಚಿಹೋಗುತ್ತದೆ. ಕೆಂಪು ನೂಲನ್ನು ಮೊದಲೇ ಬಿಸಿನೀರಲ್ಲಿ ಅದ್ದಿ ನೋಡಿ. ಬಣ್ಣ ಬಿಡುವಂಥದ್ದಾದರೆ ಮೊದಲ ಸ್ನಾನಕ್ಕೇ ಬಿಳಿ ಎಳೆ ಗುಲಾಬಿಯಾಗುತ್ತದೆ.

ಅಂಗಿಗೆ ಚುಚ್ಚುವ ಜೋಡಿ ಬೊಂಬೆಗಳೂ ಇವೆ: ಬಿಳಿ ಪಿಝೊ ಗಂಡು, ಕೆಂಪು ಪೆಂದಾ ಹೆಣ್ಣು. ಐದು ಸೆಂ.ಮೀ. ಅಗಲದ ರಟ್ಟಿಗೆ ನೂಲನ್ನು 25-30 ಸುತ್ತು ಸುತ್ತಿ, ಮೇಲ್ತುದಿಯಲ್ಲಿ ದಾರ ತೂರಿಸಿ ಕಟ್ಟಿ, ಕೆಳತುದಿ ಕತ್ತರಿಸಿ. ಮೇಲಿಂದ ಒಂದೂವರೆ ಸೆಂ.ಮೀ. ಕೆಳಗೆ ಕಟ್ಟಿದರೆ ತಲೆ, ಸೊಂಟಕ್ಕೊಂದು ಕಟ್ಟು. ಬಿಳಿಯದರ ಕೆಳಭಾಗವನ್ನು ಎರಡು ಪಾಲು ಮಾಡಿ ಕಟ್ಟಿದರೆ ಕಾಲುಗಳು, ಕೆಂಪಿನದನ್ನು ಹಾಗೇ ಬಿಟ್ಟರೆ ಲಂಗ. ಎರಡನ್ನೂ ಒಂದೇ ಹುರಿಯ ಎರಡು ತುದಿಗೆ ಕಟ್ಟುತ್ತಾರೆ.

ಮಾರ್ಚ್ ತಿಂಗಳಲ್ಲಿ ಇನ್ನೊಂದು ಆಟವುಂಟು. ಪ್ರತಿಯೊಬ್ಬರೂ ಮುಂಚೆಯೇ ಆ ತಿಂಗಳ ಒಂದು ದಿನವನ್ನು ತನ್ನದೆಂದು ಆರಿಸಿಕೊಳ್ಳುತ್ತಾರೆ. ಅಂದಿನ ಹವೆ ಹೇಗೋ ಅವರ ವರ್ಷವೂ ಹಾಗೆ. ಅಜ್ಜಿ ಮಗಳನ್ನು “ನಿನ್ನ ದಿನ ಯಾವುದು?” ಎಂದು ಕೇಳಿದರೆ ತಬ್ಬಿಬ್ಬಾಗದೆ ಒಂದು ತಾರೀಖು ಹೇಳಲಿ.

ಉಪವಾಸದ ಬಾಗಿಲಲ್ಲಿ

ಈಸ್ಟರಿಗೆ ಏಳು ವಾರ ಮುಂಚಿನ ಭಾನುವಾರ ಸಿರ್ನಿ ಜಾಗೊವೆಜ್ನಿ, 2027ರಲ್ಲಿ ಮಾರ್ಚ್ 14. ಮರುದಿನದಿಂದ ಈಸ್ಟರಿನ ತನಕ ದೊಡ್ಡ ಉಪವಾಸ, ಹಾಗಾಗಿ ಹಾಲು, ಚೀಸ್, ಮೊಟ್ಟೆಗೆ ಅದೇ ಕೊನೆಯ ದಿನ (ಮಾಂಸ ಅದಕ್ಕೂ ಒಂದು ವಾರ ಮೊದಲೇ ನಿಂತಿರುತ್ತದೆ). ಆ ರಾತ್ರಿ ಕಿರಿಯರು ಹಿರಿಯರ ಮನೆಗೆ ಹೋಗಿ ಕೈಗೆ ಮುತ್ತಿಟ್ಟು ತಪ್ಪಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುತ್ತಾರೆ. “ಪ್ರೊಶ್ಚಾವಾಯ್” ಎಂದರೆ “ಪ್ರೊಸ್ತೊ ದಾ ತಿ ಎ” ಎಂಬ ಉತ್ತರ ಬರುತ್ತದೆ. ಮಗಳು ಇದನ್ನು ಅಜ್ಜಿಯ ಹತ್ತಿರ ಹೇಳಿದರೆ ಅವರ ಮನಸ್ಸು ತುಂಬುತ್ತದೆ. ಮಕ್ಕಳಿಗೆ ಅಂದು ‘ಹಾಮ್ಕಾನೆ’: ಬಿಳಿ ಹಲ್ವಾದ ತುಂಡನ್ನೋ ಬೇಯಿಸಿದ ಮೊಟ್ಟೆಯನ್ನೋ ಕೆಂಪು ದಾರದಲ್ಲಿ ಸೂರಿನಿಂದ ಇಳಿಬಿಟ್ಟು ತೂಗಾಡಿಸುತ್ತಾರೆ, ಕೈ ಹಿಂದೆ ಕಟ್ಟಿಕೊಂಡು ಬಾಯಿಂದಲೇ ಹಿಡಿಯಬೇಕು. ಊರ ಎತ್ತರದ ಜಾಗದಲ್ಲಿ ಬೆಂಕಿ ಹಾಕಿ ಹಾರುವುದೂ ಇದೆ.

ಗಂಟೆ ಕಟ್ಟಿಕೊಂಡು ಚರ್ಮದ ಮುಖವಾಡ ಹಾಕಿ ಕುಣಿಯುವ ಕುಕೆರಿಗಳನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಅವರನ್ನು ನೋಡಲೆಂದು ಜನ ಪೆರ್ನಿಕ್ ನಗರದ ದೊಡ್ಡ ಉತ್ಸವವನ್ನು ಹುಡುಕುತ್ತಾರೆ, ಆದರೆ ಅದು ಜನವರಿಯದು. ಪ್ಲೊವ್ದಿವ್‌ನಲ್ಲಿರುವವರಿಗೆ ಅನುಕೂಲವಾದದ್ದು ದಕ್ಷಿಣದ ರೊದೊಪಿ ಬೆಟ್ಟಗಳ ಶಿರೊಕಾ ಲಾಕಾ ಹಳ್ಳಿ. ಮಾರ್ಚಿನ ಮೊದಲ ವಾರಾಂತ್ಯದಲ್ಲಿ ಅಲ್ಲಿ ‘ಪೆಸ್‌ಪೊನೆದೆಲ್ನಿಕ್’ ನಡೆಯುತ್ತದೆ. ಗಂಟೆಗಳ ಸದ್ದು ಹತ್ತಿರದಿಂದ ಕಿವಿಗೆ ಬಹಳ ಜೋರು, ಹತ್ತಿ ಇಟ್ಟುಕೊಂಡಿರಲಿ.

ಸಿರ್ನಿ ಜಾಗೊವೆಜ್ನಿ ಕಳೆದ ಮುಂದಿನ ಶನಿವಾರ ತೊದೊರೊವ್‌ದೆನ್, ಹಳ್ಳಿಗಳಲ್ಲಿ ಕುದುರೆ ಓಟದ ದಿನ. ಮಾರ್ಚ್ 25 ಬ್ಲಾಗೊವೆಶ್ತೆನಿಯೆ. ಉಪವಾಸದ ನಡುವೆಯೂ ಅಂದು ಮೀನು ತಿನ್ನಲು ಅವಕಾಶವಿದೆ. ಮೊದಲ ಕೋಗಿಲೆ ಕೂಗು ಕಿವಿಗೆ ಬೀಳುವಾಗ ಹೊಟ್ಟೆ ಹಸಿದಿರಬಾರದು, ಜೇಬಿನಲ್ಲಿ ಕಾಸಿರಬೇಕು, ಹಾಗಿದ್ದರೆ ವರ್ಷವಿಡೀ ಹಾಗೇ ಇರುತ್ತದೆ ಎಂದು ಜನ ಅಂದಿನಿಂದ ಚಿಲ್ಲರೆ ಇಟ್ಟುಕೊಂಡೇ ಓಡಾಡುತ್ತಾರೆ.

ಹುಡುಗಿಯರ ಶನಿವಾರ, ಹೂವಿನ ಭಾನುವಾರ

ಲಾಜರೊವ್‌ದೆನ್ ದಿನ ಲಾಜರ್ಕಿ ಎಂಬ ಹುಡುಗಿಯರ ಗುಂಪು ಮದುಮಗಳ ಒಡವೆ, ತಲೆಗೆ ಹೂವಿನ ದಂಡೆ ಹಾಕಿಕೊಂಡು ಮನೆ ಮನೆಗೆ ಹಾಡುತ್ತ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಹಾಡು: ಮನೆಯ ಯಜಮಾನನಿಗೊಂದು, ಮದುವೆಯಾಗದ ಮಗನಿಗೊಂದು, ತೊಟ್ಟಿಲ ಕೂಸಿಗೊಂದು. ಲಾಜರ್ಕಿಯಾಗದ ಹುಡುಗಿಗೆ ಮದುವೆಯಿಲ್ಲ, ಅವಳನ್ನು ‘ಝ್ಮೆಯ್’ ಎಂಬ ಹಾರುವ ಸರ್ಪ ಹೊತ್ತೊಯ್ಯುತ್ತದೆ ಎಂದು ಹಿಂದೆ ಹೇಳುತ್ತಿದ್ದರು. ಈಗ ಹೆಚ್ಚಾಗಿ ಜನಪದ ಮೇಳದವರು, ಶಾಲೆಯ ಮಕ್ಕಳು ಇದನ್ನು ನಡೆಸುತ್ತಾರೆ. ನೀವಿರುವ ಬಾಗಿಲಿಗೆ ಬಂದರೆ ಹಾಡು ಮುಗಿಯುವವರೆಗೆ ನಿಂತು ಕೇಳಿ, ಆಮೇಲೆ ಬುಟ್ಟಿಗೆ ಹಸಿ ಮೊಟ್ಟೆ, ಹಣ್ಣು ಅಥವಾ ನಾಣ್ಯ ಹಾಕಿ. ಅವು ಈಸ್ಟರಿಗೆ ಬಣ್ಣ ಕಾಣುವ ಮೊಟ್ಟೆಗಳು, ಆದ್ದರಿಂದ ಬೇಯಿಸಿದ್ದನ್ನು ಕೊಡಬಾರದು.

ಮರುದಿನ ತ್ಸ್ವೆತ್‌ನಿತ್ಸಾ. ಚರ್ಚಿನಲ್ಲಿ ಮಂತ್ರಿಸಿದ ವಿಲ್ಲೋ ಕೊಂಬೆಗಳನ್ನು ಹಂಚುತ್ತಾರೆ. ಅದನ್ನು ದಂಡೆಯಾಗಿ ಸುತ್ತಿ ಬಾಗಿಲಿಗೋ ದೇವರ ಪಟಕ್ಕೋ ಹಾಕಿ ವರ್ಷವಿಡೀ ಇಡುತ್ತಾರೆ. ಹಳೆಯ ಪದ್ಧತಿಯಲ್ಲಿ ಹಿಂದಿನ ದಿನದ ಲಾಜರ್ಕಿಗಳು ಅಂದು ಹೊಳೆಗೆ ಹೋಗಿ ವಿಲ್ಲೋ ತೊಗಟೆಯ ಮೇಲೆ ರೊಟ್ಟಿಯ ಚೂರಿಟ್ಟೋ ದಂಡೆಯನ್ನೋ ತೇಲಿಬಿಡುತ್ತಿದ್ದರು. ಯಾರದು ಮುಂದೆ ಸಾಗಿತೋ ಅವಳು ‘ಕುಮಿತ್ಸಾ’, ಗುಂಪಿನ ಮುಖ್ಯಸ್ಥೆ. ಈಸ್ಟರ್‌ವರೆಗೆ ಉಳಿದವರು ಅವಳೆದುರು ಮಾತಾಡದೆ ಮೌನ ಹಿಡಿಯುತ್ತಿದ್ದರು.

ಹೂವು, ಗಿಡಮರಗಳ ಹೆಸರುಳ್ಳವರಿಗೆಲ್ಲ ಅದು ನಾಮದಿನ, ಅಂದರೆ ತಮ್ಮ ಹೆಸರಿನ ಹಬ್ಬ: ತ್ಸ್ವೆತಾನ್, ತ್ಸ್ವೆತೆಲಿನಾ, ಮಾರ್ಗಾರಿತಾ, ವಿಯೊಲೆತಾ, ಲಿಲಿಯಾ, ರೋಜಾ, ಯಾವೊರ್. ಬಲ್ಗೇರಿಯಾದಲ್ಲಿ ಹುಟ್ಟುಹಬ್ಬಕ್ಕೆ ಕರೆಯುತ್ತಾರೆ, ನಾಮದಿನಕ್ಕೆ ಕರೆಯದೆಯೂ ಬರಬಹುದೆಂಬ ರೂಢಿ. ಅಜ್ಜಿಯ ಹೆಸರು ಇಂಥದ್ದೇ ಇದೆಯೇ ಎಂದು ಮಗಳು ಮೊದಲೇ ತಿಳಿದುಕೊಳ್ಳಲಿ. ಹೂ ಒಯ್ಯುವುದಾದರೆ ಎಣಿಸಿ ಒಯ್ಯಿರಿ: ಮೂರು, ಐದು, ಏಳು. ಸಮ ಸಂಖ್ಯೆಯ ಹೂ ಅಲ್ಲಿ ಸಾವಿನ ಮನೆಗೆ. ಇದರಲ್ಲಿ ಹೊರಗಿನವರು ಎಂಬ ರಿಯಾಯಿತಿ ಸಿಕ್ಕರೂ ಮನಸ್ಸಿಗೆ ಕಸಿವಿಸಿಯಂತೂ ಆಗುತ್ತದೆ.

ಈಸ್ಟರ್ ವಾರ

ಗುರುವಾರ ಮೊಟ್ಟೆಗೆ ಬಣ್ಣ. ಅಂದು ಆಗದಿದ್ದರೆ ಶನಿವಾರ. ಶುಕ್ರವಾರ ಮಾತ್ರ ಖಂಡಿತ ಬೇಡ. ಅದು ಕ್ರಿಸ್ತನ ಶಿಲುಬೆಯ ದಿನ, ಹೊಲಿಗೆ, ಅಡಿಗೆಯ ದೊಡ್ಡ ಕೆಲಸ, ಬಣ್ಣ ಯಾವುದೂ ಮಾಡುವುದಿಲ್ಲ. ಮೊದಲ ಮೊಟ್ಟೆ ಕೆಂಪೇ ಆಗಬೇಕು. ಬಿಸಿಯಾಗಿರುವಾಗಲೇ ಮನೆಯ ಹಿರಿಯಳು ಅದನ್ನು ಮಕ್ಕಳ ಕೆನ್ನೆಗೆ, ಹಣೆಗೆ ತೀಡಿ ಆರೋಗ್ಯ ಹಾರೈಸುತ್ತಾಳೆ. ಆ ಮೊಟ್ಟೆ ಮುಂದಿನ ಈಸ್ಟರ್‌ವರೆಗೆ ದೇವರ ಪಟದ ಪಕ್ಕ ಇರುತ್ತದೆ.

ಪುಡಿ ಬಣ್ಣದ ಪೊಟ್ಟಣ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಈರುಳ್ಳಿ ಸಿಪ್ಪೆಯ ಬಣ್ಣದ ಸೊಗಸೇ ಬೇರೆ. ಹತ್ತು ಹನ್ನೆರಡು ಈರುಳ್ಳಿಯ ಒಣ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ಅರ್ಧ ಗಂಟೆ ಕುದಿಸಿ ಸೋಸಿ ಆರಿಸಿ. ಎರಡು ಚಮಚ ವಿನೆಗರ್, ಒಂದು ಚಮಚ ಉಪ್ಪು ಹಾಕಿ. ಮೊಟ್ಟೆಗಳನ್ನು ಫ್ರಿಜ್‌ನಿಂದ ಎರಡು ಗಂಟೆ ಮೊದಲೇ ತೆಗೆದಿಟ್ಟು, ತಣ್ಣಗಾದ ಈ ಬಣ್ಣದ ನೀರಿನಲ್ಲೇ ಇಟ್ಟು ಒಲೆ ಹೊತ್ತಿಸಿ. ಸಣ್ಣಗೆ ಕುದಿ ಬಂದ ಮೇಲೆ ಹತ್ತು ನಿಮಿಷ ಸಾಕು. ಪಾರ್ಸ್ಲಿಯ ಒಂದು ಎಲೆಯನ್ನು ಒದ್ದೆ ಮೊಟ್ಟೆಗೆ ಅಂಟಿಸಿ, ಹಳೆಯ ನೈಲಾನ್ ಕಾಲುಚೀಲದ ತುಂಡಿನಿಂದ ಬಿಗಿದು ಕಟ್ಟಿ ಬೇಯಿಸಿದರೆ ಎಲೆಯ ಜಾಗ ತಿಳಿಯಾಗಿ ಉಳಿದು ಚಿತ್ತಾರ ಮೂಡುತ್ತದೆ. ಒಣಗಿದ ಮೇಲೆ ಎಣ್ಣೆ ಮುಟ್ಟಿಸಿದ ಬಟ್ಟೆಯಿಂದ ಒರೆಸಿದರೆ ಹೊಳಪು.

ಕೆಡುವುದು ಎಲ್ಲಿ? ತಣ್ಣನೆಯ ಮೊಟ್ಟೆಯನ್ನು ಕುದಿಯುವ ನೀರಿಗೆ ಹಾಕಿದರೆ ಬಿರುಕು ಬಿಡುತ್ತದೆ. ಕೈಯ ಜಿಡ್ಡು ತಾಗಿದ ಕಡೆ ಬಣ್ಣ ಹಿಡಿಯದೆ ಮಚ್ಚೆ ಬೀಳುತ್ತದೆ. ವಿನೆಗರ್ ಮರೆತರೆ ಬಣ್ಣ ಮಂಕು, ಏಕೆಂದರೆ ಆಮ್ಲ ಚಿಪ್ಪಿನ ಮೇಲ್ಪದರವನ್ನು ತುಸು ಸವೆಸಿದರೇನೇ ಬಣ್ಣ ಅಂಟಿಕೊಳ್ಳುವುದು. ಹೆಚ್ಚು ಹಾಕಿದರೆ ಚಿಪ್ಪೇ ಸವೆದು ಮೊಟ್ಟೆ ಕಾಳಗದಲ್ಲಿ ಸೋಲುತ್ತದೆ.

ಆ ಕಾಳಗದ ನಿಯಮ ಸರಳ. ಒಬ್ಬರು “ಹ್ರಿಸ್ತೊಸ್ ವೊಸ್ಕ್ರೆಸೆ” (ಕ್ರಿಸ್ತ ಎದ್ದಿದ್ದಾನೆ) ಎನ್ನುತ್ತಾರೆ, ಇನ್ನೊಬ್ಬರು “ವೊಯಿಸ್ತಿನಾ ವೊಸ್ಕ್ರೆಸೆ” (ನಿಜವಾಗಿ ಎದ್ದಿದ್ದಾನೆ) ಎನ್ನುತ್ತಾರೆ. ಆಮೇಲೆ ಚೂಪು ತುದಿಗೆ ಚೂಪು ತುದಿ ತಾಗಿಸಿ ಕುಟ್ಟುವುದು, ಒಡೆದವರು ಮೊಂಡು ತುದಿ ತಿರುಗಿಸಿ ಮತ್ತೊಮ್ಮೆ ಕೊಡುವುದು. ಕೊನೆವರೆಗೆ ಒಡೆಯದೆ ಉಳಿದದ್ದು ‘ಬೊರಾಕ್’, ಅದರ ಒಡೆಯನಿಗೆ ವರ್ಷವಿಡೀ ಆರೋಗ್ಯ. ಮೊಂಡು ತುದಿಯೊಳಗೆ ಗಾಳಿಯ ಪೊಳ್ಳು ಇರುವುದರಿಂದ ಅದು ಬೇಗ ಒಡೆಯುತ್ತದೆ. ಮೊಟ್ಟೆಯನ್ನು ಇಡೀ ಮುಷ್ಟಿಯಲ್ಲಿ ಹಿಡಿದು ತುದಿಯಷ್ಟೇ ಹೊರಗಿಡಿ. ಮೊಟ್ಟೆ ತಿನ್ನದಿದ್ದರೂ ಆಟ ಬಿಡಬೇಡಿ, ತಿನ್ನಲೇಬೇಕೆಂದೇನೂ ಇಲ್ಲ.

ಕೊಜುನಾಕ್ ಎಂಬ ಸಿಹಿ ಬ್ರೆಡ್ ಇಲ್ಲದೆ ಈಸ್ಟರ್ ಮೇಜಿಲ್ಲ. ಎಳೆದಾಗ ನೂಲುನೂಲಾಗಿ ಬಿಡಬೇಕು, ಅದೇ ಅದರ ಪರೀಕ್ಷೆ. ಹೊರಡುವ ಮುಂಚೆ ದಾವಣಗೆರೆಯಲ್ಲೇ ಒಮ್ಮೆ ಮಾಡಿ ನೋಡಿದರೆ ಅಲ್ಲಿ ಅಜ್ಜಿಯ ಜೊತೆ ಕೈ ಜೋಡಿಸಬಹುದು. ಒಂದು ಕಿಲೊ ಮೈದಾ, 250 ಗ್ರಾಂ ಸಕ್ಕರೆ, 5 ಮೊಟ್ಟೆ (ಮೇಲೆ ಹಚ್ಚಲು ಇನ್ನೊಂದರ ಹಳದಿ), 250 ಮಿಲಿ ಲೀಟರ್ ಹಾಲು, 14 ಗ್ರಾಂ ಒಣ ಯೀಸ್ಟ್, ಕರಗಿಸಿದ ಬೆಣ್ಣೆ 150 ಗ್ರಾಂ, ಒಂದು ನಿಂಬೆಯ ಸಿಪ್ಪೆಯ ತುರಿ, ಚಿಟಿಕೆ ಉಪ್ಪು, ಬೇಕಾದಷ್ಟು ಒಣದ್ರಾಕ್ಷಿ. ಉಗುರುಬೆಚ್ಚನೆಯ ಹಾಲಿನಲ್ಲಿ ಯೀಸ್ಟ್, ಒಂದು ಚಮಚ ಸಕ್ಕರೆ, ಸ್ವಲ್ಪ ಹಿಟ್ಟು ಕಲಸಿ ನೊರೆ ಬರುವವರೆಗೆ ಬಿಡಿ. ಹಾಲು ಬೆರಳು ತಾಳದಷ್ಟು ಬಿಸಿಯಿದ್ದರೆ ಯೀಸ್ಟ್ ಸತ್ತು ಇಡೀ ಹಿಟ್ಟು ಕಲ್ಲಾಗುತ್ತದೆ. ಮೊಟ್ಟೆ ಸಕ್ಕರೆ ಕದಡಿ ಎಲ್ಲವನ್ನೂ ಹಿಟ್ಟಿಗೆ ಸೇರಿಸಿ, ಬೆಣ್ಣೆಯಿಲ್ಲದೆಯೇ ಹತ್ತು ನಿಮಿಷ ನಾದಿ. ಬೆಣ್ಣೆಯನ್ನು ಆಮೇಲೆ ಅಂಗೈಗೆ ಹಚ್ಚಿಕೊಳ್ಳುತ್ತ ಸ್ವಲ್ಪ ಸ್ವಲ್ಪವಾಗಿ, ಇನ್ನೂ ಇಪ್ಪತ್ತು ನಿಮಿಷ ನಾದುತ್ತ, ನಡುನಡುವೆ ಎತ್ತಿ ಹಲಗೆಗೆ ಬಡಿಯುತ್ತ ಕುಡಿಸಬೇಕು. ಮೊದಲೇ ಸುರಿದರೆ ಜಿಡ್ಡು ಹಿಟ್ಟಿಗೆ ನಾರು ಕಟ್ಟಲು ಬಿಡುವುದಿಲ್ಲ, ಕೇಕಿನಂತೆ ಪುಡಿಪುಡಿಯಾಗುತ್ತದೆ. ಹಿಟ್ಟು ಅಂಟುತ್ತದೆಂದು ಮೈದಾ ಸೇರಿಸುತ್ತ ಹೋಗುವುದು ಎಲ್ಲರೂ ಮಾಡುವ ತಪ್ಪು. ಅಂಟಲಿ, ನಾದಿದಂತೆ ಬಿಡುತ್ತದೆ.

ಎರಡರಷ್ಟು ಉಬ್ಬಿದ ಮೇಲೆ ಮೂರು ಪಾಲು ಮಾಡಿ, ಒಂದೊಂದನ್ನೂ ಲಟ್ಟಿಸಿ ಬೆಣ್ಣೆ ಸವರಿ ದ್ರಾಕ್ಷಿ ಉದುರಿಸಿ ಸುರುಳಿ ಸುತ್ತಿ, ಮೂರನ್ನೂ ಜಡೆ ಹೆಣೆಯಿರಿ. ಅಚ್ಚಿನಲ್ಲಿಟ್ಟು ಮತ್ತೆ ಉಬ್ಬಲು ಬಿಡಿ. ಬಲ್ಗೇರಿಯಾದ ಅಡಿಗೆಮನೆಯಲ್ಲಿ ಒಂದೊಂದು ಸಲಕ್ಕೂ ಎರಡು ಗಂಟೆ ಹಿಡಿಯುತ್ತದೆ, ನಮ್ಮ ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಆಗಿಬಿಡುತ್ತದೆ. ಗಡಿಯಾರ ನೋಡದೆ ಹಿಟ್ಟನ್ನೇ ನೋಡಿ. ಹಳದಿ ಹಚ್ಚಿ ಸಕ್ಕರೆ ಉದುರಿಸಿ 170 ಡಿಗ್ರಿಯಲ್ಲಿ 35-45 ನಿಮಿಷ ಬೇಯಿಸಿ, ಮೊದಲ 25 ನಿಮಿಷ ಓವನ್ ತೆರೆಯಬೇಡಿ. ಪೂರ್ತಿ ಆರುವ ಮುಂಚೆ ಕೊಯ್ದರೆ ಒಳಗೆ ಅಂಟಂಟಾಗಿ ನೂಲು ಕಾಣುವುದಿಲ್ಲ.

ಶುಕ್ರವಾರ ಚರ್ಚಿನಲ್ಲಿ ಎತ್ತರದ ಮೇಜಿನ ಮೇಲೆ ಕ್ರಿಸ್ತನ ಶವದ ಚಿತ್ರವಿರುವ ವಸ್ತ್ರ ಹಾಸಿರುತ್ತಾರೆ. ಜನ ಸಾಲಿನಲ್ಲಿ ಬಂದು ಆ ಮೇಜಿನ ಕೆಳಗೆ ಬಗ್ಗಿ ನುಸುಳಿ ಹೋಗುತ್ತಾರೆ. ಶನಿವಾರ ರಾತ್ರಿ ಹನ್ನೊಂದೂವರೆಗೆಲ್ಲ ಚರ್ಚಿನ ಅಂಗಳದಲ್ಲಿರಿ. ಪ್ಲೊವ್ದಿವ್‌ನಲ್ಲಿ ಸ್ವೆತಾ ಮರಿನಾ, ಸ್ವೆತಾ ಬೊಗೊರೊದಿತ್ಸಾ ಎರಡೂ ಹಳೆಯ ಊರಿನ ಬಳಿಯೇ ಇವೆ. ನಡುರಾತ್ರಿ ದೀಪ ಆರಿಸಿ, ಪಾದ್ರಿ ಹೊಸ ಬೆಂಕಿ ತಂದು, ಅದರಿಂದ ಒಬ್ಬರ ಮೇಣದಬತ್ತಿಗೆ ಇನ್ನೊಬ್ಬರು ಹಚ್ಚಿಕೊಳ್ಳುತ್ತ ಚರ್ಚಿಗೆ ಮೂರು ಸುತ್ತು ಬರುತ್ತಾರೆ. ಆ ಜ್ಯೋತಿಯನ್ನು ಆರದಂತೆ ಮನೆಗೆ ಒಯ್ಯುವುದು ಪದ್ಧತಿ. ಕಾಗದದ ಲೋಟದ ತಳಕ್ಕೆ ತೂತು ಮಾಡಿ ಬತ್ತಿಯನ್ನು ತೂರಿಸಿದರೆ ಗಾಳಿಗೂ ಆರುವುದಿಲ್ಲ, ಮೇಣವೂ ಕೈಗೆ ಬೀಳುವುದಿಲ್ಲ. ರಾತ್ರಿ ಚಳಿಯಿರುತ್ತದೆ, ಸ್ವೆಟರ್ ಮರೆಯಬೇಡಿ.

ನಿಮ್ಮ ಊಟ

ಈಸ್ಟರಿಗೆ ಮುಂಚಿನ ವಾರ ನಿಮಗೆ ಊಟ ಬಹಳ ಸುಲಭ. ಮಾಂಸ, ಹಾಲು, ಮೊಟ್ಟೆ ಮೂರೂ ಇಲ್ಲದ ಅಡಿಗೆಗೆ ‘ಪೊಸ್ನೊ’ ಎನ್ನುತ್ತಾರೆ, ಹೋಟೆಲಿನಲ್ಲಿ ಆ ಒಂದು ಶಬ್ದ ಸಾಕು: ಬಿಳಿ ಬೀನ್ಸ್ ಸಾರು (ಬೊಬ್ ಚೊರ್ಬಾ), ಅಕ್ಕಿ ತುಂಬಿದ ದ್ರಾಕ್ಷಿ ಎಲೆಯ ಸರ್ಮಿ, ದೊಣ್ಣೆ ಮೆಣಸಿನಕಾಯಿಯ ಚಟ್ನಿಯಂಥ ಲ್ಯುತೆನಿತ್ಸಾ. ಕಷ್ಟ ಬರುವುದು ಈಸ್ಟರ್ ದಿನ. ಕುರಿಮರಿಯ ಮಾಂಸ ಮೇಜಿನ ನಡುವೆ ಇರುತ್ತದೆ. ಅದು ಕಣ್ಣಿಗೆ ಕಾಣುವುದರಿಂದ ತೊಂದರೆಯಿಲ್ಲ. ಎಚ್ಚರ ಬೇಕಾದದ್ದು ‘ದ್ರೊಬ್ ಸರ್ಮಾ’ ವಿಷಯದಲ್ಲಿ. ಹಸಿರು ಈರುಳ್ಳಿ, ಪುದೀನ ಹಾಕಿದ ಅನ್ನದಂತೆಯೇ ಕಾಣುತ್ತದೆ, ಒಳಗಿರುವುದು ಕುರಿಮರಿಯ ಪಿತ್ತಜನಕಾಂಗ. ಹಸಿರು ಸಲಾಡ್, ತೆಳು ಹಿಟ್ಟಿನ ಪದರಗಳಲ್ಲಿ ಚೀಸ್ ತುಂಬಿದ ಬಾನಿತ್ಸಾ, ಮೊಸರು, ಕೊಜುನಾಕ್ ನಿಮಗೆ ಆಗುತ್ತವೆ. ಸಿರೆನೆ ಎಂಬ ಅಲ್ಲಿನ ಬಿಳಿ ಚೀಸನ್ನು ಕರುವಿನ ಹೊಟ್ಟೆಯ ಹೆಪ್ಪಿನಿಂದ ಮಾಡಿರುವುದೂ ಉಂಟು, ಅದು ಆಗದಿದ್ದರೆ ಪೊಟ್ಟಣ ಓದಿ ನೋಡಿ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬಲ್ಗೇರಿಯನ್ನರು ‘ಹೌದು’ ಎನ್ನಲು ತಲೆಯನ್ನು ಆಚೀಚೆ ಆಡಿಸುತ್ತಾರೆ, ‘ಇಲ್ಲ’ ಎನ್ನಲು ಮೇಲೆ ಕೆಳಗೆ. ಅಜ್ಜಿ ಮಾಂಸದ ತಟ್ಟೆ ಹಿಡಿದು ನಿಂತಾಗ ನೀವು ಬೇಡವೆಂದು ತಲೆ ಆಡಿಸಿದರೆ ಬಡಿಸಿಬಿಡುತ್ತಾರೆ. ತಲೆ ಆಡಿಸದೆ ಬಾಯಿಬಿಟ್ಟು “ನೆ, ಬ್ಲಾಗೊದಾರ್ಯಾ” (ಬೇಡ, ಧನ್ಯವಾದ) ಎನ್ನಿ. ಮಾಂಸ ತಿನ್ನುವುದಿಲ್ಲವೆಂಬುದನ್ನು ಮಗಳು ಒಂದು ವಾರ ಮೊದಲೇ ತಿಳಿಸಿರುವುದು ಇನ್ನೂ ಒಳ್ಳೆಯದು. ಊಟದ ಹೊತ್ತಿಗೆ ಹೇಳಿದರೆ ಅತಿಥಿಗೆ ಬಡಿಸಲು ಏನೂ ಇಲ್ಲವಲ್ಲ ಎಂದು ಅವರು ನೊಂದುಕೊಳ್ಳುತ್ತಾರೆ.

ಉಡುಗೊರೆಗೆ ಧಾರವಾಡ ಪೇಡೆ ಬೇಡ. ಹಾಲಿನ ಪದಾರ್ಥವನ್ನು ಹೊರಗಿನಿಂದ ಯೂರೋಪಿಯನ್ ಒಕ್ಕೂಟದೊಳಗೆ ತರಲು ನಿರ್ಬಂಧವಿದೆ, ವಿಮಾನ ನಿಲ್ದಾಣದಲ್ಲೇ ಬಿಸಾಡಬೇಕಾದೀತು. ಕಡಲೆಬೀಜದ ಚಿಕ್ಕಿ ಒಯ್ಯಿರಿ. ಅದು ಉಪವಾಸದ ದಿನಗಳಿಗೂ ಸಲ್ಲುತ್ತದೆ.

ಮೇ 6 ಮತ್ತು ಆಮೇಲೆ

ಗೆರ್ಗ್ಯೊವ್‌ದೆನ್ ಕುರಿಗಾಹಿಗಳ ಸಂತ ಗೆಯೊರ್ಗಿಯ ದಿನ, ಬಲ್ಗೇರಿಯಾದ ಸೇನೆಯ ದಿನವೂ ಹೌದು. ಬೆಳಗಿನ ಜಾವ ಹುಲ್ಲಿನ ಇಬ್ಬನಿಯಲ್ಲಿ ಕೈ ಮುಖ ತೊಳೆಯುವುದು, ಹಸಿರು ಕೊಂಬೆಗಳಿಂದ ಬಾಗಿಲು ಸಿಂಗರಿಸುವುದು, ಮರಕ್ಕೆ ಉಯ್ಯಾಲೆ ಕಟ್ಟಿ ಆಡುವುದು, ಆರೋಗ್ಯಕ್ಕೆಂದು ತಕ್ಕಡಿಯಲ್ಲಿ ತೂಗಿಸಿಕೊಳ್ಳುವುದು ಇದರ ಕ್ರಮಗಳು. ಹಟ್ಟಿಯಲ್ಲಿ ಮೊದಲು ಮರಿ ಹಾಕಿದ ಕುರಿಗೆ ಹೂವಿನ ದಂಡೆ ತೊಡಿಸಿ, ಪಾತ್ರೆಯ ಬಾಯಿಗೂ ದಂಡೆಯಿಟ್ಟು ಅದರ ಮೂಲಕ ಹಾಲು ಕರೆಯುತ್ತಾರೆ. ಅಂದಿನವರೆಗೆ ಆ ವರ್ಷದ ಹೊಸ ಹಾಲು, ಹೊಸ ಚೀಸ್ ಮುಟ್ಟದ ಮನೆಗಳಿದ್ದವು. ಇಡಿಯ ಕುರಿಮರಿ ಸುಡುವ ಹಬ್ಬವಿದು. ಆದರೆ ಹೊಸ ಸೊಪ್ಪುಗಳ ಕಾಲವೂ ಅದೇ: ತುರಚೆ ಎಲೆಯ ಸಾರು, ಪಾಲಕ್ ಮತ್ತು ಹುಳಿ ಸೊಪ್ಪಿನ ಬಾನಿತ್ಸಾ ಕೇಳಿ ಹಾಕಿಸಿಕೊಳ್ಳಿ. ಗೆಯೊರ್ಗಿ, ಗೆರ್ಗಾನಾ ಹೆಸರಿನವರ ನಾಮದಿನವೂ ಅಂದೇ, ಮಗಳ ಸಹಪಾಠಿಗಳಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ರೋಮಾ ಜನರೂ ತುರ್ಕರೂ ಇದೇ ದಿನವನ್ನು ಹೆದರ್ಲೆಝ್ ಎಂದು ಆಚರಿಸುವುದರಿಂದ ಪ್ಲೊವ್ದಿವ್‌ನ ಅನೇಕ ಬಡಾವಣೆಗಳಲ್ಲಿ ಅಂದು ವಾದ್ಯಗಳ ಸದ್ದು ಬೀದಿಗೇ ಬರುತ್ತದೆ.

ರಜೆ ಹೆಚ್ಚು ಸಿಕ್ಕರೆ ಮೇ 24ರವರೆಗೆ ಉಳಿಯಲು ಒಂದು ಒಳ್ಳೆಯ ಕಾರಣವಿದೆ. ಅಂದು ಸ್ಲಾವ್ ಜನರಿಗೆ ಲಿಪಿ ರೂಪಿಸಿಕೊಟ್ಟ ಸಂತ ಕಿರಿಲ್ ಮತ್ತು ಮೆಥೊದಿ ಸಹೋದರರ ನೆನಪಿನ ದಿನ, ಲಿಪಿಯ, ಶಾಲೆಯ, ಪುಸ್ತಕದ ಹಬ್ಬ. ಅದು ಮೊದಲು ಶಾಲೆಯ ಹಬ್ಬವಾಗಿ ನಡೆದದ್ದು 1851ರಲ್ಲಿ, ಶಿಕ್ಷಕ ನಾಯ್ದೆನ್ ಗೆರೊವ್ ಅವರ ಮುಂದಾಳತ್ವದಲ್ಲಿ, ಪ್ಲೊವ್ದಿವ್‌ನಲ್ಲೇ. ಇಂದಿಗೂ ಅಂದು ಶಾಲೆಗಳ ಮೆರವಣಿಗೆ ಹೊರಡುತ್ತದೆ, ಸಹೋದರರ ಚಿತ್ರಗಳನ್ನು ಹೂದಂಡೆಗಳಿಂದ ಸಿಂಗರಿಸುತ್ತಾರೆ, ಮಕ್ಕಳು ಶಿಕ್ಷಕರಿಗೆ ಹೂ ಕೊಡುತ್ತಾರೆ. ಮಗಳು ತನ್ನ ಬಲ್ಗೇರಿಯನ್ ಭಾಷೆಯ ಶಿಕ್ಷಕರಿಗೆ ಅಂದು ಹೂ ಒಯ್ಯಲಿ, ಎಣಿಸಿ, ಬೆಸ ಸಂಖ್ಯೆಯಲ್ಲಿ.